ಟೆಕ್ಸಾಸ್‌ನಲ್ಲಿ ಮನೆ ಕೊಳ್ಳುವ ಕಾನೂನು: ವೃತ್ತಿ ಸಂಘಗಳು ಬರೆದ ಚರಿತ್ರೆ

ಟೆಕ್ಸಾಸ್‌ನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹತ್ತಕ್ಕೂ ಹೆಚ್ಚು ಪುಟಗಳ ಕರಾರು ಪತ್ರವೊಂದರ ಪ್ರತಿ ಪುಟದ ಕೆಳಗೂ ತಮ್ಮ ಹೆಸರಿನ ಮೊದಲಕ್ಷರ ಹಾಕಿದವರೇ. ಡಾಲಸ್ ಕಡೆಯವರಾದರೆ ಫ್ರಿಸ್ಕೊ, ಪ್ಲೇನೊ, ಇರ್ವಿಂಗ್; ಹ್ಯೂಸ್ಟನ್ ಕಡೆ ಶುಗರ್‌ಲ್ಯಾಂಡ್, ಕೇಟಿ, ಪಿಯರ್‌ಲ್ಯಾಂಡ್; ಆಸ್ಟಿನ್ ಕಡೆ ರೌಂಡ್ ರಾಕ್, ಸೀಡರ್ ಪಾರ್ಕ್, ಲಿಯಾಂಡರ್. ಊರು ಯಾವುದಾದರೂ ಹಳೆಯ ಮನೆಯನ್ನು ಕೊಳ್ಳುವ ಪತ್ರ ಒಂದೇ. ಮೊದಲು ಕಾಗದದ ಮೇಲೆ ಪೆನ್ನಿನಿಂದ ಹಾಕುತ್ತಿದ್ದ ಸಹಿಯನ್ನು ಈಗ ಊಟದ ಬಿಡುವಿನಲ್ಲಿ ಫೋನಿನ ಪರದೆಯ ಮೇಲೆ ಬೆರಳಿನಿಂದ ಹಾಕುತ್ತೇವೆ. ಜೀವಮಾನದ ಅತಿ ದೊಡ್ಡ ವ್ಯವಹಾರ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಊರಿನಲ್ಲಿ ನಮ್ಮ ಹಿರಿಯರು ಹೀಗೆ ಮಾಡುತ್ತಿರಲಿಲ್ಲ. ಒಂದು ಸೈಟು ಕೊಳ್ಳಬೇಕಾದರೆ 30 ವರ್ಷದ ಋಣಭಾರ ಪತ್ರ ತೆಗೆಸಿ, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ, ಮೂಲ ಪತ್ರಗಳನ್ನು ಗೊತ್ತಿರುವ ವಕೀಲರಿಗೆ ತೋರಿಸಿ, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರರ ಬಳಿ ಕ್ರಯಪತ್ರ ಬರೆಸುತ್ತಿದ್ದರು. ಅಲ್ಲಿ ಪತ್ರ ಬರೆದವರ ಮುಖ ಗೊತ್ತಿರುತ್ತಿತ್ತು. ಇಲ್ಲಿ ನಾವು ಸಹಿ ಹಾಕುವ ಪತ್ರವನ್ನು ಬರೆದವರು ಯಾರು? ಅದರ ನೆತ್ತಿಯ ಮೇಲೆ ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ ಹೊರಡಿಸಿದ್ದು ಎಂದು ಮುದ್ರಿಸಿರುತ್ತದೆ. ಸರ್ಕಾರ ಬರೆದದ್ದೆಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಈ ರಾಜ್ಯದಲ್ಲಿ ಮನೆ, ನಿವೇಶನಗಳ ಕಾನೂನಿನ ಮೊದಲ ಕರಡು ಬಹಳ ಸಲ ಸಿದ್ಧವಾದದ್ದು ವೃತ್ತಿಯವರ ಸಂಘಗಳಲ್ಲಿ: ದಲ್ಲಾಳಿಗಳ ಸಂಘ, ವಕೀಲರ ಸಂಘ, ಬಿಲ್ಡರ್‌ಗಳ ಸಂಘ. ಆ ಸಂಘಗಳು ನಮಗೆ ಮಾಡಿದ ಉಪಕಾರವೂ ದೊಡ್ಡದು, ಮಾಡಿದ ಅನ್ಯಾಯವೂ ದೊಡ್ಡದು. ಎರಡನ್ನೂ ಒಟ್ಟಿಗೆ ನೋಡುವ ಪ್ರಯತ್ನ ಈ ಲೇಖನ.

ದಲ್ಲಾಳಿ ರಿಯಲ್ಟರ್ ಆದದ್ದು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಮೀನು ಮಾರಿಸುವ ಕೆಲಸಕ್ಕೆ ಅಮೆರಿಕದಲ್ಲಿ ಒಳ್ಳೆಯ ಹೆಸರಿರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ದಲ್ಲಾಳಿ ಆಗಬಹುದಿತ್ತು. ಟೆಕ್ಸಾಸ್‌ನ ದಕ್ಷಿಣದ ತುದಿಯ ರಿಯೊ ಗ್ರ್ಯಾಂಡೆ ಕಣಿವೆಗೆ ಉತ್ತರದ ರಾಜ್ಯಗಳ ರೈತರನ್ನು ವಿಶೇಷ ರೈಲುಗಳಲ್ಲಿ ಕರೆತಂದು, ನೀರಾವರಿಯ ಕನಸು ತೋರಿಸಿ ಭೂಮಿ ಮಾರುತ್ತಿದ್ದ ಕಾಲ ಅದು.

1908ರ ಮೇ ತಿಂಗಳಲ್ಲಿ ಷಿಕಾಗೊದಲ್ಲಿ ಹಲವು ನಗರಗಳ ದಲ್ಲಾಳಿ ಮಂಡಳಿಗಳು ಸೇರಿ ಒಂದು ರಾಷ್ಟ್ರೀಯ ಸಂಘ ಕಟ್ಟಿದವು. ಇಂದಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್‌ನ ಮೂಲ ಅದೇ. 1913ರಲ್ಲಿ ಸಂಘ ತನ್ನ ನೀತಿ ಸಂಹಿತೆಯನ್ನು ಒಪ್ಪಿಕೊಂಡಿತು. 1916ರಲ್ಲಿ ಮಿನಿಯಾಪೊಲಿಸ್‌ನ ಚಾರ್ಲ್ಸ್ ಚಾಡ್‌ಬರ್ನ್ 'ರಿಯಲ್ಟರ್' ಎಂಬ ಹೊಸ ಪದವನ್ನು ಹೊಸೆದರು. ನಮ್ಮಲ್ಲಿ ಅನೇಕರು ಮನೆ ತೋರಿಸುವವರನ್ನೆಲ್ಲ ರಿಯಲ್ಟರ್ ಎನ್ನುತ್ತೇವೆ. ಆದರೆ ಅದು ವೃತ್ತಿಯ ಹೆಸರಲ್ಲ, ಸಂಘದ ಸದಸ್ಯತ್ವದ ಗುರುತು. ಲೈಸೆನ್ಸ್ ಕೊಡುವುದು ಸರ್ಕಾರ, ರಿಯಲ್ಟರ್ ಎಂದು ಕರೆದುಕೊಳ್ಳುವ ಹಕ್ಕು ಕೊಡುವುದು ಸಂಘ.

ಹ್ಯೂಸ್ಟನ್‌ನಲ್ಲಿ 1918ರಲ್ಲಿ ಮಂಡಳಿ ಹುಟ್ಟಿತು. 1920ರಲ್ಲಿ ಇಡೀ ಟೆಕ್ಸಾಸ್‌ಗೆ ರಾಜ್ಯ ಸಂಘ ಬಂತು. ದಲ್ಲಾಳಿಗಳಿಗೆ ಪರವಾನಗಿ ಬೇಕು ಎಂದು ದೇಶದುದ್ದಕ್ಕೂ ಒತ್ತಾಯಿಸಿದವರು ಗ್ರಾಹಕರಲ್ಲ, ಈ ಸಂಘಗಳೇ. ಮೋಸಗಾರರನ್ನು ಹೊರಗಿಡುವುದು ಒಂದು ಉದ್ದೇಶ, ಪೈಪೋಟಿಯನ್ನು ಮಿತಿಯಲ್ಲಿಡುವುದು ಇನ್ನೊಂದು. ಟೆಕ್ಸಾಸ್ 1939ರಲ್ಲಿ ಪರವಾನಗಿ ಕಾನೂನು ಮಾಡಿತು. 1949ರಲ್ಲಿ ಅದನ್ನು ನಡೆಸಲು ರಿಯಲ್ ಎಸ್ಟೇಟ್ ಕಮಿಷನ್ ಬಂತು. ಈಗ ಅದರಲ್ಲಿ 9 ಮಂದಿ ಇದ್ದಾರೆ. 6 ಮಂದಿ ಬ್ರೋಕರ್‌ಗಳು, 3 ಮಂದಿ ಸಾರ್ವಜನಿಕರು. ಅಂದರೆ ನಿಯಂತ್ರಣಕ್ಕೆ ಒಳಗಾಗಬೇಕಾದ ವೃತ್ತಿಯವರೇ ನಿಯಂತ್ರಿಸುವವರಲ್ಲಿ ಬಹುಮತ.

ನಗುವುದಕ್ಕೆ ಮುಂಚೆ ನಮ್ಮ ಊರನ್ನೂ ನೆನೆಯಬೇಕು. ಕರ್ನಾಟಕದಲ್ಲಿ ರಿಯಲ್ ಎಸ್ಟೇಟ್ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಟ್ಟಳೆ ಬಂದದ್ದು 2016ರ ರೇರಾ ಕಾಯ್ದೆ ಮತ್ತು 2017ರ ರಾಜ್ಯ ನಿಯಮಗಳ ಮೂಲಕ, ಟೆಕ್ಸಾಸ್‌ಗಿಂತ ಮುಕ್ಕಾಲು ಶತಮಾನ ತಡವಾಗಿ. ಇಲ್ಲಿ ಏಜೆಂಟ್ ಆಗಬೇಕಾದರೆ 180 ಗಂಟೆಗಳ ಪಾಠ ಮುಗಿಸಿ ಪರೀಕ್ಷೆ ಪಾಸಾಗಬೇಕು. ಈ ಶಿಸ್ತಿಗೆ ಸಂಘಗಳಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು.

ಬೇಲಿ ಹಾಕಿದ ಸಂಹಿತೆ

ಅದೇ ನೀತಿ ಸಂಹಿತೆಯ ಇನ್ನೊಂದು ಮುಖ ಕಹಿಯಾದದ್ದು. ಯಾವ ಜನಾಂಗದವರು ಎಲ್ಲಿ ವಾಸಿಸಬೇಕೆಂದು ನಗರಸಭೆಗಳು ಕಟ್ಟಳೆ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1917ರಲ್ಲಿ ತೀರ್ಪು ಕೊಟ್ಟಿತು. ಸರ್ಕಾರ ಮಾಡಲಾಗದ ಕೆಲಸವನ್ನು ಖಾಸಗಿ ಕರಾರುಗಳು ಕೈಗೆತ್ತಿಕೊಂಡವು. ಬಡಾವಣೆಯ ಡೀಡ್‌ನಲ್ಲೇ ಈ ನಿವೇಶನವನ್ನು ಬಿಳಿಯರಲ್ಲದವರಿಗೆ ಮಾರಕೂಡದು ಎಂದು ಬರೆಯುವ ಪದ್ಧತಿ ಹಬ್ಬಿತು. 1924ರ ಸಂಹಿತೆಯ 34ನೆಯ ವಿಧಿ ಇದನ್ನು ವೃತ್ತಿಧರ್ಮವನ್ನಾಗಿಯೇ ಮಾಡಿತು. ಯಾವ ಜನಾಂಗ ಅಥವಾ ರಾಷ್ಟ್ರೀಯತೆಯವರು ಬಂದರೆ ಬಡಾವಣೆಯ ಬೆಲೆ ಕುಸಿಯುತ್ತದೋ ಅಂಥವರನ್ನು ಅಲ್ಲಿಗೆ ಕರೆತರಲು ರಿಯಲ್ಟರ್ ಕಾರಣನಾಗಬಾರದು ಎಂಬುದು ಅದರ ತಾತ್ಪರ್ಯ. ಇದನ್ನು ಮೀರಿದರೆ ಸಂಘದಿಂದ ಹೊರಹಾಕಬಹುದಿತ್ತು. ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೆ ಒಂದೇ ವರ್ಷ ಮೊದಲು, 1923ರಲ್ಲಿ. ಅಂದು ಇಲ್ಲಿ ಕನ್ನಡಿಗರು ಮನೆ ಹುಡುಕುತ್ತಿದ್ದಿದ್ದರೆ ನಾವೂ ಬೇಲಿಯ ಹೊರಗಿರುತ್ತಿದ್ದೆವು.

ಹ್ಯೂಸ್ಟನ್‌ನ ರಿವರ್ ಓಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 1920ರ ದಶಕದಲ್ಲಿ ಹಾಗ್ ಸಹೋದರರ ಜೊತೆ ಅದನ್ನು ಕಟ್ಟಿದವರು ವಕೀಲರಾಗಿದ್ದ ಹ್ಯೂ ಪಾಟರ್. ಮನೆಗೂ ರಸ್ತೆಗೂ ಇರಬೇಕಾದ ಅಂತರದಿಂದ ಹಿಡಿದು ಯಾರು ವಾಸಿಸಬಹುದು ಎನ್ನುವವರೆಗೆ ಎಲ್ಲವನ್ನೂ ಡೀಡ್ ನಿರ್ಬಂಧಗಳಲ್ಲಿ ಬರೆಯಲಾಗಿತ್ತು. ಇದೇ ಪಾಟರ್ 1934ರಲ್ಲಿ ರಾಷ್ಟ್ರೀಯ ಸಂಘದ ಅಧ್ಯಕ್ಷರಾದರು. ಗೃಹಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಹುಟ್ಟಿದ್ದೂ ಅದೇ ವರ್ಷ. ಆ ಇಲಾಖೆಯ 1938ರ ಕೈಪಿಡಿ ಜನಾಂಗ ಆಧಾರಿತ ಡೀಡ್ ನಿರ್ಬಂಧಗಳನ್ನು ಶಿಫಾರಸು ಮಾಡಿತು. ಸಂಘದ ಸಂಹಿತೆಯಲ್ಲಿದ್ದ ಮಾತು ಹತ್ತು-ಹದಿನೈದು ವರ್ಷಗಳಲ್ಲಿ ಸರ್ಕಾರದ ಸಾಲದ ನೀತಿಯೂ ಆಯಿತು.

ಹ್ಯೂಸ್ಟನ್‌ನಲ್ಲಿ ಡೀಡ್‌ಗೆ ಇನ್ನೂ ಹೆಚ್ಚಿನ ತೂಕ ಬಂದದ್ದಕ್ಕೆ ಕಾರಣವಿದೆ. ವಲಯ ವಿಂಗಡಣೆಯನ್ನು, ಅಂದರೆ ಜ಼ೋನಿಂಗನ್ನು, ಅಲ್ಲಿನ ಮತದಾರರು 1948, 1962 ಮತ್ತು 1993ರಲ್ಲಿ ಮೂರು ಸಲ ತಿರಸ್ಕರಿಸಿದರು. ಬೇರೆ ನಗರಗಳಲ್ಲಿ ನಗರಸಭೆ ಮಾಡುವ ಕೆಲಸವನ್ನು ಅಲ್ಲಿ ಡೀಡ್ ನಿರ್ಬಂಧಗಳು ಮಾಡುತ್ತವೆ. ಅವುಗಳನ್ನು ಜಾರಿ ಮಾಡಿಸಲು ನಗರವೇ ದಾವೆ ಹೂಡಬಹುದು ಎಂದು 1965ರಲ್ಲಿ ಶಾಸನವಾಯಿತು. ಶುಗರ್‌ಲ್ಯಾಂಡ್, ಕೇಟಿಗಳಲ್ಲಿ ನಮ್ಮ ಮನೆಯ ಬಣ್ಣ, ಬೇಲಿಯ ಎತ್ತರ, ಹುಲ್ಲಿನ ಉದ್ದ ಇವುಗಳ ಬಗ್ಗೆ ನೋಟಿಸು ಕಳಿಸುವ ಎಚ್‌ಒಎ ಕೂಡ ಈ ಡೀಡ್ ನಿರ್ಬಂಧದ ಪದ್ಧತಿಯ ಕೂಸೇ.

1948ರಲ್ಲಿ ಶೆಲ್ಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಜನಾಂಗದ ನಿರ್ಬಂಧಗಳನ್ನು ಯಾವ ನ್ಯಾಯಾಲಯವೂ ಜಾರಿ ಮಾಡಕೂಡದು ಎಂದಿತು. 1950ರಲ್ಲಿ ಸಂಘ ತನ್ನ ಸಂಹಿತೆಯಿಂದ ಜನಾಂಗ ಎಂಬ ಪದವನ್ನು ತೆಗೆಯಿತು. ಪದ ಹೋಯಿತು, ರೂಢಿ ಹೋಗಲಿಲ್ಲ. ರಿಯಲ್ಟರ್ ಮಂಡಳಿಗಳ ಬಾಗಿಲು ಮುಚ್ಚಿದ್ದರಿಂದ ಕಪ್ಪು ಜನಾಂಗದ ಬ್ರೋಕರ್‌ಗಳು 1947ರಲ್ಲೇ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡು, 'ರಿಯಲ್ಟಿಸ್ಟ್' ಎಂದು ಕರೆದುಕೊಂಡರು.

ಆಸ್ಟಿನ್, 1968

ಆಸ್ಟಿನ್ ನಗರ ಇಂದು ಉದಾರ ಮನಸ್ಸಿಗೆ ಹೆಸರಾಗಿದೆ. ಆದರೆ 1928ರ ಅದರ ನಗರ ಯೋಜನೆ ಕಪ್ಪು ಜನಾಂಗದವರನ್ನು ಪೂರ್ವದ ಒಂದು ಭಾಗಕ್ಕೆ ಸೀಮಿತಗೊಳಿಸಬೇಕೆಂದು ಬರೆದಿತ್ತು. ಆ ಯೋಜನೆಯನ್ನು ತಯಾರಿಸಿದ್ದು ಡಾಲಸ್‌ನ ಸಲಹೆಗಾರರು. ನಲವತ್ತು ವರ್ಷಗಳ ನಂತರ, 1968ರ ಮೇ ತಿಂಗಳಲ್ಲಿ, ಆಸ್ಟಿನ್ ನಗರಸಭೆ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಭೇದ ಮಾಡಕೂಡದೆಂಬ ಕಟ್ಟಳೆಯನ್ನು ಒಪ್ಪಿತು. ಅಲ್ಲಿನ ರಿಯಲ್ಟರ್ ಮಂಡಳಿ ಇದರ ವಿರುದ್ಧ ಸಹಿ ಸಂಗ್ರಹ ನಡೆಸಿ ವಿಷಯವನ್ನು ಜನಮತಕ್ಕೆ ಒಯ್ದಿತು. ಅಕ್ಟೋಬರ್‌ನಲ್ಲಿ ಮತದಾರರು ಕಟ್ಟಳೆಯನ್ನು ತಳ್ಳಿಹಾಕಿದರು. ಕಟ್ಟಳೆಯನ್ನು ಬೆಂಬಲಿಸಿದ್ದ ಎಮ್ಮಾ ಲಾಂಗ್, ಆಸ್ಟಿನ್ ನಗರಸಭೆಗೆ ಆಯ್ಕೆಯಾದ ಮೊದಲ ಮಹಿಳೆ, ಮರುವರ್ಷದ ಚುನಾವಣೆಯಲ್ಲಿ ಸೋತರು.

ಆದರೆ ಅದೇ ವರ್ಷದ ಏಪ್ರಿಲ್ 11ರಂದು, ರಾಷ್ಟ್ರೀಯ ಸಂಘದ ವಿರೋಧದ ನಡುವೆಯೂ, ಫೆಡರಲ್ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿದ್ದಿತ್ತು. ಅದಾದ ಮೂರು ತಿಂಗಳೊಳಗೆ, ಜುಲೈ 1ರಂದು, 1965ರ ವಲಸೆ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂತು. ನಮ್ಮ ಮೊದಲ ತಲೆಮಾರಿನ ಎಂಜಿನಿಯರುಗಳು, ವೈದ್ಯರು, ಪ್ರಾಧ್ಯಾಪಕರು ಈ ದೇಶಕ್ಕೆ ಬರಲು ದಾರಿಯಾದದ್ದು ಆ ಕಾಯ್ದೆಯಿಂದ. ಅವರು ಬೇಕಾದ ಬೀದಿಯಲ್ಲಿ ಮನೆ ಕೊಳ್ಳಲು ದಾರಿಯಾದದ್ದು ಈ ಕಾಯ್ದೆಯಿಂದ. ದೇಶದ ಬಾಗಿಲು, ಬೀದಿಯ ಬಾಗಿಲು ಎರಡೂ ತೆರೆದದ್ದು ಒಂದೇ ವರ್ಷದಲ್ಲಿ. ಮೊದಲನೆಯದನ್ನು ನಾವು ಸಭೆಗಳಲ್ಲಿ ಆಗಾಗ ನೆನೆಯುತ್ತೇವೆ. ಎರಡನೆಯದು ಕಪ್ಪು ಜನಾಂಗದವರ ದಶಕಗಳ ಹೋರಾಟದ, ಮಾರ್ಟಿನ್ ಲೂಥರ್ ಕಿಂಗ್ ಅವರ ಬಲಿದಾನದ ಫಲ. ಅದನ್ನು ನೆನೆಯುವುದು ಕಡಿಮೆ.

2020ರ ನವೆಂಬರ್‌ನಲ್ಲಿ ರಾಷ್ಟ್ರೀಯ ಸಂಘದ ಅಧ್ಯಕ್ಷರು ಹಿಂದಿನ ಭೇದನೀತಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. 2021ರಲ್ಲಿ ಟೆಕ್ಸಾಸ್ ಶಾಸನಸಭೆ ಹಳೆಯ ಡೀಡ್‌ಗಳಲ್ಲಿ ಉಳಿದುಕೊಂಡಿರುವ ಇಂಥ ಸಾಲುಗಳನ್ನು ತೆಗೆಸಲು ನ್ಯಾಯಾಲಯದ ಮೂಲಕ ಒಂದು ಸುಲಭ ದಾರಿ ಮಾಡಿಕೊಟ್ಟಿತು. ಹಳೆಯ ಬಡಾವಣೆಯಲ್ಲಿ ಮನೆ ಕೊಂಡವರು ಟೈಟಲ್ ಕಂಪನಿ ಕೊಟ್ಟ ಕಾಗದಗಳ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಬಹುದು.

ವಕೀಲರ ತಕರಾರು, ಡಾಲಸ್‌ನ ತೀರ್ಪು

ಈಗ ನಾವು ಸಹಿ ಹಾಕುವ ಪತ್ರದ ಕಥೆಗೆ ಬರೋಣ. ಬ್ರೋಕರ್‌ಗಳಿಗೆ ಪರವಾನಗಿ ಬಂದ 1939ರಲ್ಲೇ ಟೆಕ್ಸಾಸ್‌ನ ವಕೀಲರೆಲ್ಲರನ್ನೂ ಒಂದೇ ಸೂರಿನ ಕೆಳಗೆ ತರುವ ಸ್ಟೇಟ್ ಬಾರ್ ಕಾಯ್ದೆಯೂ ಬಂತು. ಎರಡು ಸಂಘಗಳ ನಡುವೆ ಒಂದು ಗಡಿ ತಂಟೆ ಶುರುವಾಯಿತು. ಮನೆ ಮಾರಾಟದ ಪತ್ರ ಬರೆಯುವುದು ವಕೀಲಿಕೆಯೋ ವ್ಯಾಪಾರವೋ? ಡಾಲಸ್‌ನ ಹೆಕ್ಸ್‌ಟರ್ ಟೈಟಲ್ ಎಂಬ ಕಂಪನಿ ತಾನು ವಿಮೆ ಕೊಡುವ ವ್ಯವಹಾರಗಳ ಡೀಡ್‌ಗಳನ್ನೂ ಸಾಲಪತ್ರಗಳನ್ನೂ ತಾನೇ ಬರೆದುಕೊಡುತ್ತಿತ್ತು. ಬಾರ್‌ನ ಸಮಿತಿ ದಾವೆ ಹೂಡಿತು. 1944ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್, ಇದು ಪರವಾನಗಿ ಇಲ್ಲದೆ ನಡೆಸಿದ ವಕೀಲಿಕೆ ಎಂದು ತೀರ್ಮಾನಿಸಿತು.

ಹಾಗಾದರೆ ದಿನಕ್ಕೆ ನೂರಾರು ಮನೆ ಮಾರಾಟವಾಗುವ ರಾಜ್ಯದಲ್ಲಿ ಪ್ರತಿ ಕರಾರಿಗೂ ವಕೀಲರ ಬಳಿ ಓಡಬೇಕೆ? ಕೊನೆಗೆ ಬಂದ ರಾಜಿ ಇದು: ಬ್ರೋಕರ್ ಪತ್ರ ಬರೆಯುವಂತಿಲ್ಲ, ಬರೆದಿಟ್ಟ ಪತ್ರದಲ್ಲಿ ಖಾಲಿ ಜಾಗ ತುಂಬಬಹುದು. ಆ ಪತ್ರವನ್ನು ಬ್ರೋಕರ್‌ಗಳೂ ವಕೀಲರೂ ಒಟ್ಟಿಗೆ ಕುಳಿತು ಬರೆಯಬೇಕು. ಅದಕ್ಕಾಗಿಯೇ ಬ್ರೋಕರ್-ಲಾಯರ್ ಕಮಿಟಿ ಎಂಬ ಶಾಸನಬದ್ಧ ಸಮಿತಿ ಇದೆ. ಅದರಲ್ಲಿ 13 ಮಂದಿ. ಕಮಿಷನ್ ನೇಮಿಸುವ 6 ಲೈಸೆನ್ಸ್‌ದಾರರು, ಸ್ಟೇಟ್ ಬಾರ್ ಅಧ್ಯಕ್ಷರು ನೇಮಿಸುವ 6 ವಕೀಲರು, ಗವರ್ನರ್ ನೇಮಿಸುವ ಒಬ್ಬ ಸಾರ್ವಜನಿಕ ಪ್ರತಿನಿಧಿ. ಇವರು ತಿದ್ದಿದ ನಮೂನೆಯನ್ನು ಕಮಿಷನ್ ಒಪ್ಪಿದರೆ ಲೈಸೆನ್ಸ್ ಇರುವ ಪ್ರತಿ ಏಜೆಂಟನೂ ಅದನ್ನೇ ಬಳಸಬೇಕು.

ಇದರಿಂದ ಕೊಳ್ಳುವವರಿಗೆ ಆದ ಲಾಭ ಸಣ್ಣದಲ್ಲ. ಪತ್ರದ 5ನೆಯ ಕಲಮನ್ನು ನೋಡಿ. ಮಾರುವವರಿಗೆ ಒಂದು ಸಣ್ಣ ಆಪ್ಷನ್ ಫೀ ಕೊಟ್ಟರೆ, ಗೊತ್ತುಮಾಡಿಕೊಂಡಷ್ಟು ದಿನಗಳೊಳಗೆ ಕಾರಣ ಹೇಳದೆ ವ್ಯವಹಾರದಿಂದ ಹಿಂದೆ ಸರಿಯುವ ಹಕ್ಕು ಸಿಗುತ್ತದೆ. ಇನ್‌ಸ್ಪೆಕ್ಷನ್‌ನಲ್ಲಿ ಅಡಿಪಾಯ ಬಿರುಕು ಬಿಟ್ಟದ್ದು ಕಂಡರೂ ಸರಿ, ಮನಸ್ಸು ಬದಲಾದರೂ ಸರಿ, ಮುಂಗಡ ಹಣ ವಾಪಸು ಬರುತ್ತದೆ. ಊರಿನಲ್ಲಿ ಅಡ್ವಾನ್ಸ್ ಕೊಟ್ಟು ಹಿಂದೆ ಪಡೆಯಲು ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಗಡುವು ಒಂದು ದಿನ ಮೀರಿದರೆ ಆ ಹಕ್ಕು ಇಲ್ಲ. 11ನೆಯ ಕಲಮಿನ ವಿಶೇಷ ಷರತ್ತುಗಳ ಖಾಲಿ ಜಾಗದಲ್ಲಿ ಏಜೆಂಟ್ ವ್ಯವಹಾರದ ಸಂಗತಿಗಳನ್ನು ಮಾತ್ರ ಬರೆಯಬಹುದು, ಕಾನೂನಿನ ಹೊಸ ಷರತ್ತು ಹೊಸೆಯುವಂತಿಲ್ಲ. 1944ರ ಆ ತೀರ್ಪಿನ ನೆರಳು ಈ ಖಾಲಿ ಜಾಗದ ಮೇಲೆ ಇಂದಿಗೂ ಇದೆ. ಮಾವನವರು ಭಾರತದಿಂದ ಕಳಿಸುವ ಹಣ ತಡವಾದರೆ ಏನು ಎಂಬಂಥ ತೊಡಕಿದ್ದರೆ ವಕೀಲರನ್ನೇ ಕೇಳಬೇಕು.

ಪಟ್ಟಿ ಯಾರದು, ಕಮಿಷನ್ ಎಷ್ಟು

ಸಂಘಗಳ ಇನ್ನೊಂದು ಬಲ ಎಂಎಲ್‌ಎಸ್, ಮಾರಾಟಕ್ಕಿರುವ ಮನೆಗಳ ಸಾಮೂಹಿಕ ಪಟ್ಟಿ. ಹ್ಯೂಸ್ಟನ್‌ನವರು ಮನೆ ಹುಡುಕುವ ಎಚ್‌ಎಆರ್ ಡಾಟ್ ಕಾಮ್ ಅಲ್ಲಿನ ರಿಯಲ್ಟರ್ ಸಂಘದ್ದೇ ತಾಣ. ಪಟ್ಟಿ ಯಾರ ಕೈಯಲ್ಲಿದೆಯೋ ಮಾರುಕಟ್ಟೆಯ ನಿಯಮವೂ ಬಹುಮಟ್ಟಿಗೆ ಅವರ ಕೈಯಲ್ಲೇ.

ಈ ಬಲಕ್ಕೆ ಕಡಿವಾಣ ಬಿದ್ದದ್ದು ಒಳಗಿನಿಂದಲ್ಲ, ಹೊರಗಿನಿಂದ. ವಾಷಿಂಗ್ಟನ್ ನಗರದ ಮಂಡಳಿ ತನ್ನ ಸದಸ್ಯರಿಗೆ ಕಮಿಷನ್ ದರ ಗೊತ್ತುಪಡಿಸಿದ್ದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದು 1950ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2005ರಲ್ಲಿ ಟೆಕ್ಸಾಸ್ ಶಾಸನಸಭೆ, ಮನೆ ಮಾರಿಸಲು ಒಪ್ಪಿಕೊಂಡ ಬ್ರೋಕರ್ ಕನಿಷ್ಠ ಇಷ್ಟು ಸೇವೆ ಕೊಡಲೇಬೇಕು ಎಂಬ ನಿಯಮ ತಂದಿತು. ಕಡಿಮೆ ಹಣಕ್ಕೆ ಕಡಿಮೆ ಸೇವೆ ಕೊಡುವ ಬ್ರೋಕರ್‌ಗಳಿಗೆ, ಅವರನ್ನು ಬಯಸುವ ಗ್ರಾಹಕರಿಗೆ ಇಂಥ ನಿಯಮದಿಂದ ತೊಂದರೆ ಎಂದು ಫೆಡರಲ್ ನ್ಯಾಯ ಇಲಾಖೆಯೂ ಫೆಡರಲ್ ಟ್ರೇಡ್ ಕಮಿಷನ್ನೂ ಎಚ್ಚರಿಸಿದ್ದವು. 2006ರಲ್ಲಿ ಅದೇ ಟ್ರೇಡ್ ಕಮಿಷನ್ ಆಸ್ಟಿನ್ ರಿಯಲ್ಟರ್ ಮಂಡಳಿಯ ಒಂದು ನಿಯಮವನ್ನು ಹಿಂತೆಗೆಸಿತು. ಮಾಲೀಕರು ತಾವೇ ಗಿರಾಕಿ ಹುಡುಕಿಕೊಂಡರೆ ಕಮಿಷನ್ ಕೊಡಬೇಕಿಲ್ಲ ಎಂಬ ಬಗೆಯ ಕರಾರಿನ ಮನೆಗಳನ್ನು ಮಂಡಳಿ ಸಾರ್ವಜನಿಕ ಜಾಲತಾಣಗಳಿಗೆ ಕಳಿಸುತ್ತಿರಲಿಲ್ಲ. ಪಟ್ಟಿಯಲ್ಲಿದ್ದರೂ ಆ ಮನೆಗಳು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ.

ಇತ್ತೀಚಿನ ಅಧ್ಯಾಯ ಎಲ್ಲರಿಗೂ ಗೊತ್ತಿರುವುದೇ. 2023ರ ಅಕ್ಟೋಬರ್ 31ರಂದು ಕಾನ್ಸಾಸ್ ಸಿಟಿಯ ಜ್ಯೂರಿ, ಕಮಿಷನ್ ಹೆಚ್ಚಿಸುವ ಒಳಸಂಚಿಗಾಗಿ ರಾಷ್ಟ್ರೀಯ ಸಂಘ ಮತ್ತು ಕೆಲವು ದೊಡ್ಡ ಕಂಪನಿಗಳ ಮೇಲೆ ಸುಮಾರು 180 ಕೋಟಿ ಡಾಲರ್ ಪರಿಹಾರ ಹೊರಿಸಿತು. 2024ರ ಮಾರ್ಚ್‌ನಲ್ಲಿ ಸಂಘ 41.8 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆ ವರ್ಷದ ಆಗಸ್ಟ್ 17ರಿಂದ ಕೊಳ್ಳುವವರ ಏಜೆಂಟಿಗೆ ಎಷ್ಟು ಕಮಿಷನ್ ಎಂಬುದನ್ನು ಎಂಎಲ್‌ಎಸ್‌ನಲ್ಲಿ ತೋರಿಸುವಂತಿಲ್ಲ, ಮನೆ ತೋರಿಸುವ ಮೊದಲೇ ಏಜೆಂಟ್ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಟೆಕ್ಸಾಸ್ ಇದೇ ಬಗೆಯ ಲಿಖಿತ ಒಪ್ಪಂದವನ್ನು ತನ್ನ ಪರವಾನಗಿ ಕಾನೂನಿಗೇ ಸೇರಿಸಿತು. ಅದು 2026ರ ಜನವರಿ 1ರಿಂದ ಜಾರಿಯಲ್ಲಿದೆ.

ನಮ್ಮವರಿಗೆ ಇದು ಮುಜುಗರದ ವಿಷಯವೂ ಹೌದು. ಸಂಘದ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕುಳಿತವರೇ ಏಜೆಂಟ್. "ನಮ್ಮವರೇ ಅಲ್ಲವೇ, ಕಮಿಷನ್‌ನಲ್ಲಿ ಒಂದಷ್ಟು ವಾಪಸು ಕೊಡ್ತಾರೆ" ಎಂದು ಒಪ್ಪಿಕೊಳ್ಳುತ್ತೇವೆ. ಗ್ರಾಹಕರಿಗೆ ಹಾಗೆ ವಾಪಸು ಕೊಡುವುದು ಟೆಕ್ಸಾಸ್‌ನಲ್ಲಿ ಕಾನೂನುಬದ್ಧವೇ. ಆದರೆ ಎಷ್ಟು ಕಮಿಷನ್, ಎಷ್ಟು ದಿನದ ಒಪ್ಪಂದ, ಮಾರುವವರ ಪರವಾಗಿಯೂ ಅದೇ ಬ್ರೋಕರ್ ಇದ್ದರೆ ಏನು ಎಂಬುದನ್ನು ಸಹಿ ಹಾಕುವ ಮೊದಲೇ ಕೇಳುವುದು ಅಪನಂಬಿಕೆಯಲ್ಲ. ಒಳ್ಳೆಯ ಏಜೆಂಟರು ಆ ಪ್ರಶ್ನೆಯನ್ನು ಸ್ವಾಗತಿಸುತ್ತಾರೆ.

ತೆರಿಗೆ ಇಲ್ಲ, ಬೆಲೆಯೂ ಗೊತ್ತಿಲ್ಲ

ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಮನೆ ಕೊಂಡರೆ ಶೇಕಡಾ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್, ಸರ್‌ಚಾರ್ಜ್, ನೋಂದಣಿ ಶುಲ್ಕ. ಟೆಕ್ಸಾಸ್‌ನಲ್ಲಿ ಅಂಥ ಹಸ್ತಾಂತರ ತೆರಿಗೆಯೇ ಇಲ್ಲ. ಮುಂದೆಯೂ ಹಾಕಕೂಡದೆಂದು 2015ರ ನವೆಂಬರ್‌ನಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತರಲಾಯಿತು. ವಾಸದ ಮನೆಯ ಶಾಲಾ ತೆರಿಗೆ ವಿನಾಯಿತಿಯನ್ನು 15,000 ಡಾಲರಿನಿಂದ 25,000ಕ್ಕೆ ಏರಿಸಿದ ಅದೇ ತಿದ್ದುಪಡಿಯಲ್ಲಿ ಈ ನಿಷೇಧವೂ ಸೇರಿತ್ತು. ಅದರ ಪರ ಗಟ್ಟಿಯಾಗಿ ಪ್ರಚಾರ ಮಾಡಿದ್ದು ರಾಜ್ಯದ ರಿಯಲ್ಟರ್ ಸಂಘ. ಮನೆ ಕೊಂಡ ಪ್ರತಿಯೊಬ್ಬರಿಗೂ ಇದರಿಂದ ಹಣ ಉಳಿದಿದೆ.

ಅದೇ ಸಂಘ ಇನ್ನೊಂದನ್ನೂ ಬಹುಕಾಲದಿಂದ ತಡೆದಿದೆ. ಮಾರಾಟದ ನಿಜವಾದ ಬೆಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು ಟೆಕ್ಸಾಸ್‌ನಲ್ಲಿಲ್ಲ. ಬೆಲೆಯ ಮಾಹಿತಿ ಎಂಎಲ್‌ಎಸ್‌ನೊಳಗೆ ಸದಸ್ಯರಿಗೆ ಸಿಗುತ್ತದೆ, ಕೌಂಟಿಯ ಅಪ್ರೈಸಲ್ ಕಚೇರಿಗೆ ತಾನಾಗಿ ಸಿಗುವುದಿಲ್ಲ. ಬೆಲೆ ಬಹಿರಂಗವಾದರೆ ಅದರ ಬೆನ್ನಿಗೇ ಹೊಸ ತೆರಿಗೆ ಬರುತ್ತದೆ ಎಂಬುದು ಸಂಘದ ವಾದ. ದುಬಾರಿ ವಾಣಿಜ್ಯ ಕಟ್ಟಡಗಳ ಮೌಲ್ಯ ಇದರಿಂದ ಕಡಿಮೆಯಾಗಿ ದಾಖಲಾಗುತ್ತದೆ, ಹೊರೆ ಸಾಮಾನ್ಯ ಮನೆಗಳ ಮೇಲೆ ಬೀಳುತ್ತದೆ ಎಂಬುದು ವಿರೋಧಿಗಳ ವಾದ. ಪ್ರತಿ ವರ್ಷ ಮೇ 15ರ ಗಡುವಿನೊಳಗೆ ಆಸ್ತಿ ತೆರಿಗೆಯ ತಕರಾರು ಸಲ್ಲಿಸಲು ನಾವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದು ವಿಚಾರಿಸುತ್ತೇವಲ್ಲ, ಆ ಪರದಾಟದ ಹಿಂದೆ ಈ ನೀತಿಯಿದೆ.

ಬಿಲ್ಡರ್‌ಗಳ ಕಮಿಷನ್ ಬಂದು ಹೋದದ್ದು

ಇಲ್ಲಿಯವರೆಗೆ ಹೇಳಿದ ಪತ್ರ ಹಳೆಯ ಮನೆಗಳದ್ದು. ಆದರೆ ನಮ್ಮವರಲ್ಲಿ ಬಹಳ ಮಂದಿ ಕೊಳ್ಳುವುದು ಹೊಸ ಮನೆ. ಹೊಸ ಮನೆಗೂ ಕಮಿಷನ್ನಿನ ನಮೂನೆಗಳಿವೆ, ಆದರೆ ತನ್ನ ಮನೆಯನ್ನು ತಾನೇ ಮಾರುವ ಬಿಲ್ಡರ್ ಅದನ್ನು ಬಳಸಲೇಬೇಕೆಂದಿಲ್ಲ. ದೊಡ್ಡ ಬಿಲ್ಡರ್‌ಗಳು ಸಾಮಾನ್ಯವಾಗಿ ತಮ್ಮ ವಕೀಲರು ಬರೆದ ಕರಾರನ್ನೇ ಮುಂದಿಡುತ್ತಾರೆ. ಅದರಲ್ಲಿ ಆಪ್ಷನ್ ಅವಧಿ ಇರುವುದು ಅಪರೂಪ. ತಕರಾರು ಬಂದರೆ ಕೋರ್ಟಿಗಲ್ಲ, ಮಧ್ಯಸ್ಥಿಕೆಗೆ ಹೋಗಬೇಕೆಂಬ ಷರತ್ತು ಸಾಮಾನ್ಯ. ನನಗೂ ಈ ವ್ಯತ್ಯಾಸ ಗೊತ್ತಾದದ್ದು ಸಹಿ ಹಾಕಿದ ಮೇಲೆಯೇ.

2003ರಲ್ಲಿ ಬಿಲ್ಡರ್‌ಗಳ ಸಂಘದ ಒತ್ತಾಸೆಯಿಂದ ಟೆಕ್ಸಾಸ್ ರೆಸಿಡೆನ್ಷಿಯಲ್ ಕನ್‌ಸ್ಟ್ರಕ್ಷನ್ ಕಮಿಷನ್ ಎಂಬ ಇಲಾಖೆ ಹುಟ್ಟಿತು. ಗೋಡೆ ಸೋರಲಿ, ನೆಲ ಕುಸಿಯಲಿ, ಮನೆಯವರು ಕೋರ್ಟಿಗೆ ಹೋಗುವ ಮೊದಲು ಈ ಇಲಾಖೆಯ ತಪಾಸಣೆಯ ದಾರಿಯಲ್ಲಿ ನಡೆಯಬೇಕಿತ್ತು. ತಪ್ಪು ಸಾಬೀತಾದರೂ ಬಿಲ್ಡರ್ ರಿಪೇರಿ ಮಾಡಲೇಬೇಕೆಂದು ಕಟ್ಟಿಹಾಕುವ ಬಲ ಇಲಾಖೆಗೆ ಇರಲಿಲ್ಲ. ಮನೆಯವರ ದೂರುಗಳು ಬೆಳೆದವು. 2008ರಲ್ಲಿ ಸರ್ಕಾರಿ ಸಂಸ್ಥೆಗಳನ್ನು ಪರಿಶೀಲಿಸುವ ಸನ್‌ಸೆಟ್ ಆಯೋಗದ ಸಿಬ್ಬಂದಿ ಈ ಇಲಾಖೆಯನ್ನು ಮುಚ್ಚಬೇಕೆಂದು ವರದಿ ಕೊಟ್ಟರು. 2009ರಲ್ಲಿ ಶಾಸನಸಭೆ ಅದನ್ನು ಮುಂದುವರಿಸಲಿಲ್ಲ. ಸಂಘದ ಒತ್ತಾಸೆಯಿಂದ ಬಂದ ಕಾನೂನು ಜನರ ದೂರಿನಿಂದ ಹೋಯಿತು. ಅದಕ್ಕೆ ಆರು ವರ್ಷ ಹಿಡಿಯಿತು.

ಹದಿಮೂರನೆಯ ಕುರ್ಚಿ

ಈ ನೂರು ವರ್ಷಗಳ ಕಥೆಯಲ್ಲಿ ಒಂದು ಸಂಗತಿ ಮತ್ತೆಮತ್ತೆ ಕಾಣುತ್ತದೆ. ಎರಡು ಸಂಘಗಳು ಎದುರುಬದುರಾದಾಗ, ಬ್ರೋಕರ್‌ಗಳೂ ವಕೀಲರೂ ಪರಸ್ಪರ ಕಾವಲು ಕಾಯುವಂತಾದಾಗ, ಕೊಳ್ಳುವವರಿಗೆ ಒಳ್ಳೆಯ ಪತ್ರ ಸಿಕ್ಕಿತು. ಒಂದೇ ಸಂಘ ಕೋಣೆಯಲ್ಲಿದ್ದಾಗ 34ನೆಯ ವಿಧಿ ಬಂತು, ಬಿಲ್ಡರ್‌ಗಳ ಇಲಾಖೆ ಬಂತು. ಅವುಗಳನ್ನು ಸರಿಪಡಿಸಲು ಸುಪ್ರೀಂ ಕೋರ್ಟ್, ಕಾಂಗ್ರೆಸ್, ಟ್ರೇಡ್ ಕಮಿಷನ್, ದೂರು ಕೊಟ್ಟ ಮನೆಯವರು ಹೊರಗಿನಿಂದ ಬರಬೇಕಾಯಿತು.

ನಾವು ಇನ್ನು ಹೊರಗಿನವರಲ್ಲ. 2000ದಲ್ಲಿ ಹ್ಯೂಸ್ಟನ್‌ನಲ್ಲಿ, 2018ರಲ್ಲಿ ಡಾಲಸ್‌ನಲ್ಲಿ ಅಕ್ಕ ಸಮ್ಮೇಳನ ನಡೆಸಿದವರು ನಾವು. ಹ್ಯೂಸ್ಟನ್ ಕನ್ನಡ ವೃಂದ, ಡಾಲಸ್‌ನ ಮಲ್ಲಿಗೆ ಕನ್ನಡ ಸಂಘ, ಆಸ್ಟಿನ್ ಕನ್ನಡ ಸಂಘ ಈ ಮೂರೂ ಊರುಗಳಲ್ಲಿವೆ. ನಮ್ಮವರಲ್ಲೇ ಲೈಸೆನ್ಸ್ ಪಡೆದ ಏಜೆಂಟರಿದ್ದಾರೆ, ವಕೀಲರಿದ್ದಾರೆ. ಏಷ್ಯಾ ಮೂಲದ ಏಜೆಂಟರಿಗೆ 2003ರಿಂದ ಏಷ್ಯನ್ ರಿಯಲ್ ಎಸ್ಟೇಟ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ತಮ್ಮದೇ ರಾಷ್ಟ್ರೀಯ ಸಂಘವಿದೆ. ಇಂಥ ಸ್ಮರಣ ಸಂಚಿಕೆಗಳ ಮುದ್ರಣದ ಖರ್ಚಿನಲ್ಲಿ ರಿಯಲ್ಟರ್‌ಗಳ ಜಾಹೀರಾತಿನ ಪಾಲು ಎಷ್ಟೆಂದು ಪುಟ ತಿರುವಿದವರಿಗೆ ಗೊತ್ತಾಗುತ್ತದೆ. ಆ ಋಣವನ್ನು ಮರೆಯದೆಯೇ ಹೇಳುತ್ತೇನೆ: ಪತ್ರ ಬರೆಯುವ ಕೋಣೆಯಲ್ಲಿ ನಮ್ಮ ಏಜೆಂಟರ ಸಂಘವಿದೆ, ವಕೀಲರ ಸಂಘವಿದೆ. ಸಹಿ ಹಾಕುವವರಿಗೆ ಇರುವುದು ಆ ಹದಿಮೂರನೆಯ ಕುರ್ಚಿ ಒಂದೇ.

ಆ ಕುರ್ಚಿಗೆ ಅರ್ಜಿ ಹಾಕಲು ಬ್ರೋಕರ್ ಆಗಬೇಕಿಲ್ಲ, ಆಗಿರಲೂಬಾರದು. ನಮೂನೆ ತಿದ್ದುವಾಗಲೆಲ್ಲ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಕಮಿಷನ್ನಿನ ಸಭೆಗಳು ಆಸ್ಟಿನ್‌ನಲ್ಲಿ ಬಹಿರಂಗವಾಗಿ ನಡೆಯುತ್ತವೆ. ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಕೆಲಸವೂ ಇದೆ. ರಾಜ್ಯೋತ್ಸವದ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಮೇಜು ಹಾಕಿ, ಒಬ್ಬ ಏಜೆಂಟ್, ಒಬ್ಬ ವಕೀಲರು, ಇತ್ತೀಚೆಗೆ ಮನೆ ಕೊಂಡ ಒಬ್ಬರು ಕೂತು, ಆ ಪತ್ರದ ಕಲಮುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಲಿ. ಊಟದ ಸಾಲು ಮುಂದೆ ಸರಿಯುವಷ್ಟರಲ್ಲಿ 5ನೆಯ ಕಲಮನ್ನಾದರೂ ಮುಗಿಸಬಹುದು.